ಜೋಡು ನಳಿಗೆಯ ಎರಡನೆಯ ಗುಂಡು

ಪಿಯುಸಿ ಓದುತ್ತಿರುವ ಹುಡುಗನೊಬ್ಬ ಪತ್ರ ಬರೆದಿದ್ದಾನೆ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಮತ್ತು ಜಿಮ್ ಕಾರ್ಬೆಟ್‌ರ ಕಾಡಿನ ಕತೆಗಳನ್ನು ರಜೆಯಲ್ಲಿ ಓದಿ ಮುಗಿಸಿದನಂತೆ. ಅವನ ಪ್ರಶ್ನೆ ಇದು. ಒಂದೇ ನಳಿಗೆಯ ರೈಫಲ್‌ಗೆ ನಾಲ್ಕೈದು ತೋಟಾ ತುಂಬಬಹುದು, ಜೋಡು ನಳಿಗೆಯ ರೈಫಲ್‌ಗೆ ಎರಡೇ. ಆದರೂ ಎರಡನೆಯದಕ್ಕೆ ಹತ್ತಾರು ಪಟ್ಟು ಬೆಲೆ ಯಾಕೆ? ಇಂದಿಗೂ ಅದನ್ನು ತಯಾರಿಸುವವರಲ್ಲಿ ಯಾರದು ಒಳ್ಳೆಯದು? ಪತ್ರದ ಕೊನೆಯಲ್ಲಿ ಬೇರೆ ಶಾಯಿಯಲ್ಲಿ ತಂದೆಯವರದೂ ಎರಡು ಸಾಲಿದೆ. ಬೇಟೆಯೇ ನಿಷೇಧವಾಗಿರುವ ದೇಶದಲ್ಲಿ ಇವನಿಗೆ ಈ ವಿಚಾರ ಯಾಕೆ, ಸ್ವಲ್ಪ ಬುದ್ಧಿ ಹೇಳಿ ಎಂದು.

ತಂದೆಯವರ ಮಾತು ಸರಿಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ನಮ್ಮಲ್ಲಿ ಹುಲಿ, ಆನೆ, ಕಾಟಿಗಳ ಬೇಟೆಯ ಕಾಲ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತು. ಆದರೆ ಹುಡುಗ ಕೇಳಿರುವುದು ಬೇಟೆಯಾಡುವುದು ಹೇಗೆ ಎಂದಲ್ಲ. ಒಂದು ಯಂತ್ರ ಹೀಗೇ ಏಕಿದೆ ಎಂದು ಕೇಳಿದ್ದಾನೆ. ಅದಕ್ಕೆ ಉತ್ತರ ಅವನ ಭೌತಶಾಸ್ತ್ರದ ಪಠ್ಯದಲ್ಲೇ ಇದೆ. ಆದ್ದರಿಂದ ಮೊದಲು ಮಗನಿಗೆ ಉತ್ತರ, ಆಮೇಲೆ ತಂದೆಗೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಮಲೆನಾಡಿನ, ಕೊಡಗಿನ ಹಳೆಯ ಮನೆಗಳಲ್ಲಿ ಗೋಡೆಗೆ ಒರಗಿಸಿಟ್ಟಿರುವ ಜೋಡು ನಳಿಗೆ ಕೋವಿ ಈ ರೈಫಲ್ ಅಲ್ಲ. ಅದರ ನಳಿಗೆಯ ಒಳಮೈ ನುಣುಪಾಗಿರುತ್ತದೆ. ತೋಟಾದಿಂದ ಹೊರಡುವುದು ಸಾಮಾನ್ಯವಾಗಿ ಚರೆ. ಜೋಡು ರೈಫಲ್‌ನ ಎರಡೂ ನಳಿಗೆಗಳ ಒಳಗೆ ಸುರುಳಿಯಾಗಿ ಗೀರು ಕೊರೆದಿರುತ್ತದೆ. ಒಂದೊಂದು ತೋಟಾದಿಂದ ಒಂದೇ ಗುಂಡು ಬುಗುರಿಯಂತೆ ತಿರುಗುತ್ತ ಹೊರಡುತ್ತದೆ. ಹೊರನೋಟಕ್ಕೆ ಎರಡೂ ಅಣ್ಣತಮ್ಮಂದಿರಂತೆ ಕಂಡರೂ ಒಳಗಿನ ಬೇಡಿಕೆ ಬೇರೆ. ಚರೆ ನಾಲ್ಕು ಬೆರಳು ಆಚೀಚೆ ಹರಡಿದರೆ ನಡೆಯುತ್ತದೆ, ಒಂಟಿ ಗುಂಡು ಹಾಗೆ ಮಾಡುವಂತಿಲ್ಲ.

ಇದರ ಈಗಿನ ರೂಪ ಹುಟ್ಟಿದ್ದು ಬ್ರಿಟನ್ನಿನಲ್ಲಿ, ಬೆಳೆದದ್ದು ಆಫ್ರಿಕ ಮತ್ತು ಭಾರತದ ಕಾಡುಗಳಿಗಾಗಿ. 1889ರಲ್ಲಿ ಕಾರ್ಡೈಟ್ ಎಂಬ ಹೊಗೆರಹಿತ ಮದ್ದು ಬಂತು. 1898ರಲ್ಲಿ ರಿಗ್ಬಿ ಕಂಪನಿ ಅದನ್ನು ಬಳಸಿ .450 ನೈಟ್ರೊ ಎಕ್ಸ್‌ಪ್ರೆಸ್ ಎಂಬ ತೋಟಾ ತಂದಿತು. ಆನೆಯನ್ನು ನಿಲ್ಲಿಸುವ ಶಕ್ತಿ ಹೆಗಲ ಮೇಲೆ ಹೊರಬಹುದಾದ ಬಂದೂಕಿಗೆ ಬಂದದ್ದು ಆಗ. ಇಲ್ಲೊಂದು ತಮಾಷೆಯಿದೆ. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ರೈಫಲ್‌ನ ಗುಂಡೂ .450 ಅಳತೆಯದೇ. ಬಂಡಾಯಗಾರರು ಬೇಟೆಯ ತೋಟಾವನ್ನು ಸೈನ್ಯದ ಬಂದೂಕಿಗೆ ಬಳಸಿಯಾರು ಎಂಬ ಹೆದರಿಕೆಯಿಂದ ಬ್ರಿಟಿಷ್ ಸರ್ಕಾರ 20ನೇ ಶತಮಾನದ ಮೊದಲ ದಶಕದಲ್ಲಿ ಆ ಅಳತೆಯನ್ನು ಭಾರತ ಮತ್ತು ಸೂಡಾನ್‌ಗಳಲ್ಲಿ ನಿಷೇಧಿಸಿತು. ಬಂದೂಕು ತಯಾರಕರು ಸುಮ್ಮನಿರುತ್ತಾರೆಯೆ? .465, .470, .475, .476 ಎಂದು ಸಾಲು ಸಾಲಾಗಿ ಹೊಸ ಅಳತೆಗಳನ್ನು ತಂದರು. ಇವತ್ತು ಜಗತ್ತಿನಲ್ಲಿ ತಯಾರಾಗುವ ದೊಡ್ಡ ಜೋಡು ರೈಫಲ್‌ಗಳಲ್ಲಿ ಹೆಚ್ಚು ಬೇಡಿಕೆಯಿರುವ .470, ಭಾರತದ ಬಂಡಾಯದ ಭಯಕ್ಕೆ ಹುಟ್ಟಿದ ಕೂಸು!

ಈಗ ಸ್ವಲ್ಪ ಲೆಕ್ಕ. .470ರ ಗುಂಡಿನ ತೂಕ ಸುಮಾರು 32 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 655 ಮೀಟರ್. ಗುಣಿಸಿದರೆ ಸಂವೇಗ ಸುಮಾರು 21 ಬರುತ್ತದೆ. ಸಂವೇಗ ಸಂರಕ್ಷಣೆಯ ನಿಯಮದಂತೆ ಅಷ್ಟೇ ಸಂವೇಗ ಬಂದೂಕಿಗೂ ಹಿಮ್ಮುಖವಾಗಿ ಬರಬೇಕು. ಬಂದೂಕಿನ ತೂಕ 5 ಕಿಲೊ ಎಂದರೆ ಅದು ಸೆಕೆಂಡಿಗೆ 4 ಮೀಟರಿಗಿಂತ ಹೆಚ್ಚು ವೇಗದಲ್ಲಿ ಭುಜಕ್ಕೆ ಒದೆಯುತ್ತದೆ. ಮದ್ದಿನ ಅನಿಲದ ಪಾಲು ಸೇರಿದರೆ ಇನ್ನೂ ಹೆಚ್ಚು. ಎನ್‌ಸಿಸಿಯಲ್ಲಿ .22 ರೈಫಲ್ ಹಾರಿಸಿದವರಿಗೆ ಹೇಳುವುದಾದರೆ, ಆ ಗುಂಡಿನ ಸಂವೇಗಕ್ಕಿಂತ ಇದು ಇಪ್ಪತ್ತು ಪಟ್ಟಿಗೂ ಮೀರಿದ್ದು. ಈ ರೈಫಲ್‌ಗಳು ಅಷ್ಟೊಂದು ಭಾರವಾಗಿರುವುದು ಸುಮ್ಮನೆ ಅಲ್ಲ.

ಜೋಡು ರೈಫಲ್‌ನ ಗುಟ್ಟೆಲ್ಲ ಈ ಒದೆತದಲ್ಲೇ ಇದೆ. ಎರಡು ನಳಿಗೆಗಳನ್ನು ಪಕ್ಕಪಕ್ಕದಲ್ಲಿ ಸರಿಯಾಗಿ ಸಮಾಂತರವಾಗಿ ಬೆಸೆದುಬಿಟ್ಟರೆ ಎರಡು ಗುಂಡೂ ಒಂದೇ ಕಡೆ ಹೋಗುತ್ತವೆ ಎಂದು ನಮಗೆ ಅನ್ನಿಸುತ್ತದೆ. ಹೋಗುವುದಿಲ್ಲ. ಸೈಕಲ್ ಹ್ಯಾಂಡಲ್ಲಿನ ಬಲಹಿಡಿಯನ್ನು ಮಾತ್ರ ಹಿಂದಕ್ಕೆ ಎಳೆಯಿರಿ, ಚಕ್ರ ಬಲಕ್ಕೆ ತಿರುಗುತ್ತದೆ. ಬಲನಳಿಗೆ ಸಿಡಿದಾಗಲೂ ಒದೆತ ಬಂದೂಕಿನ ನಡುಗೆರೆಯ ಮೇಲಲ್ಲ, ಅದರ ಬಲಕ್ಕೆ ಬೀಳುತ್ತದೆ. ಬಂದೂಕಿನ ಮೂತಿ ಬಲಕ್ಕೂ ಮೇಲಕ್ಕೂ ಹೊರಳುತ್ತದೆ. ಗುಂಡು ನಳಿಗೆಯೊಳಗೆ ಇರುವುದು ಒಂದು ಸೆಕೆಂಡಿನ ಐನೂರನೇ ಒಂದು ಭಾಗಕ್ಕಿಂತ ಹೆಚ್ಚಲ್ಲ. ಆದರೆ ಅಷ್ಟರಲ್ಲೇ ಹೊರಳಾಟ ಶುರುವಾಗಿರುತ್ತದೆ. ಎಡನಳಿಗೆಯದು ಎಡಕ್ಕೆ. ಹೀಗಾಗಿ ಸಮಾಂತರ ನಳಿಗೆಗಳ ಗುಂಡುಗಳು ದೂರ ಹೋದಂತೆಲ್ಲ ಅಗಲುತ್ತವೆ. ಅದಕ್ಕೆಂದೇ ಎರಡು ನಳಿಗೆಗಳ ಮೂತಿಯನ್ನು ಒಂದರ ಕಡೆಗೊಂದು ಕೊಂಚ ಬಾಗಿಸಿ ಕೂಡಿಸುತ್ತಾರೆ.

ಎಷ್ಟು ಬಾಗಿಸಬೇಕು ಎಂಬುದನ್ನು ಲೆಕ್ಕ ಹಾಕಿ ಅಂದಾಜು ಮಾಡಬಹುದು, ಮುಗಿಸಲಾಗುವುದಿಲ್ಲ. ಕುಶಲಕರ್ಮಿಯೊಬ್ಬ ಬಂದೂಕನ್ನು ಹಾರಿಸಿ, ಗುರಿಹಲಗೆ ನೋಡಿ, ಮೂತಿಯ ಬಳಿ ಬೆಸುಗೆ ಕಾಯಿಸಿ, ನಡುವಿನ ಬೆಣೆಯನ್ನು ಕೂದಲೆಳೆಯಷ್ಟು ಸರಿಸಿ, ಆರಿಸಿ, ಮತ್ತೆ ಹಾರಿಸುತ್ತಾನೆ. ಸಾಮಾನ್ಯವಾಗಿ 50ರಿಂದ 100 ಗಜದೊಳಗೆ ಎರಡೂ ಗುಂಡುಗಳು ಅಂಗೈಯಗಲದಲ್ಲಿ ಬೀಳುವವರೆಗೆ ಈ ಕೆಲಸ ನಡೆಯುತ್ತದೆ. ಹುಡುಗ ಕೇಳಿದ ಬೆಲೆಯಲ್ಲಿ ದೊಡ್ಡ ಪಾಲು ಈ ಕೈಕೆಲಸಕ್ಕೆ ಹೋಗುತ್ತದೆ. ಇಷ್ಟಾದರೂ ಆ ಹೊಂದಾಣಿಕೆ ಒಂದು ಬಗೆಯ ತೋಟಾಕ್ಕೆ ಮಾತ್ರ. ಗುಂಡಿನ ತೂಕ ಬದಲಾದರೆ, ಮದ್ದಿನ ವೇಗ ಬದಲಾದರೆ, ಎರಡು ನಳಿಗೆಗಳ ಸ್ನೇಹ ಕೆಡುತ್ತದೆ. ಕಾರ್ಡೈಟ್ ಬಿಸಿಲಿಗೆ ಕಾದರೆ ಒತ್ತಡ ಏರುತ್ತಿತ್ತು. ಅದಕ್ಕಾಗಿ ಉಷ್ಣದೇಶಗಳಿಗೆಂದು ಮದ್ದು ಕಡಿಮೆ ಮಾಡಿದ ತೋಟಾಗಳನ್ನೇ ಬೇರೆ ಮಾಡುತ್ತಿದ್ದರು. ಈಗ ಕೆಲವು ತಯಾರಕರು ಮೂತಿಯನ್ನು ಬೆಸೆಯದೆ, ಸರಿಸಬಹುದಾದ ಬೆಣೆಯನ್ನು ಇಡುತ್ತಾರೆ. ಹಳೆಯ ಕಾಲದವರು ಮೂಗು ಮುರಿಯುತ್ತಾರೆ. ನನಗಂತೂ ಇದು ಬುದ್ಧಿವಂತಿಕೆಯ ಕೆಲಸವಾಗಿ ಕಾಣುತ್ತದೆ.

ಇಷ್ಟೆಲ್ಲ ಪಾಡು ಏಕೆ? ಎರಡನೆಯ ಗುಂಡಿಗಾಗಿ. ಬೋಲ್ಟ್ ರೈಫಲ್‌ನಲ್ಲಿ ಒಂದು ಈಡು ಹಾರಿಸಿದ ಮೇಲೆ ಬೋಲ್ಟನ್ನು ಎತ್ತಿ, ಎಳೆದು, ನೂಕಿ, ಇಳಿಸಬೇಕು. ಕೈಪಳಗಿದವನಿಗೆ ಅದು ಒಂದೆರಡು ಸೆಕೆಂಡಿನ ಕೆಲಸ. ಜೋಡು ರೈಫಲ್‌ನಲ್ಲಿ ಬೆರಳು ಮುಂದಿನ ಟ್ರಿಗರ್‌ನಿಂದ ಹಿಂದಿನದಕ್ಕೆ ಜಾರಿದರೆ ಸಾಕು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಒಳ್ಳೆಯ ಜೋಡು ರೈಫಲ್ ಎಂದರೆ ಒಂದೇ ಮರದ ಹಿಡಿಗೆ ಕೂಡಿಸಿದ ಎರಡು ಪೂರ್ತಿ ಬಂದೂಕುಗಳು. ನಳಿಗೆ ಎರಡು, ಟ್ರಿಗರ್ ಎರಡು, ಸ್ಪ್ರಿಂಗ್ ಎರಡು, ಕುದುರೆ ಎರಡು. ಒಂದು ಕೈಕೊಟ್ಟರೆ ಇನ್ನೊಂದು ಇದೆ.

ನಡುವೆ ಮಡಿಸಿ ತೋಟಾ ತುಂಬುವ ಇಂಥ ಬಂದೂಕುಗಳಲ್ಲಿ ಕೀಲು ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಕಾರ್ಬೆಟ್‌ರೇ ಬರೆದ ಒಂದು ಪ್ರಸಂಗವಿದೆ. 1907ರಲ್ಲಿ ಕುಮಾವೂಂ ಬೆಟ್ಟದಲ್ಲಿ ಚಂಪಾವತದ ನರಭಕ್ಷಕ ಹೆಣ್ಣುಹುಲಿಯ ಎದುರು ಅವರು ನಿಂತಾಗ ಅವರ .500 ರೈಫಲ್‌ಗೆ ಇದ್ದದ್ದು ಮೂರೇ ತೋಟಾ. ಮೂರೂ ಮುಗಿದವು, ಹುಲಿ ಗಾಯಗೊಂಡು ಇನ್ನೂ ಎದುರಿಗಿತ್ತು. ಓಡಿಹೋಗಿ ತಹಸೀಲ್ದಾರರ ಕೋವಿಯನ್ನು ಕಸಿದು ತಂದರು. ಸಮೀಪ ಬಂದು ನೋಡಿದರೆ ಆ ಹಳೆಯ ಕೋವಿಯ ನಳಿಗೆಗೂ ಅದನ್ನು ಹಿಂದಿನಿಂದ ಮುಚ್ಚುವ ಭಾಗಕ್ಕೂ ನಡುವೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಸಂದು! ಸಿಡಿದರೆ ಬೆಂಕಿ ಕಣ್ಣಿಗೇ. ಆದರೂ ಹಾರಿಸಿದರು. ಆ ಗುಂಡು ತಗುಲಿದ್ದು ಹುಲಿಯ ಪಾದಕ್ಕೆ. ಹುಲಿ ಅಷ್ಟರಲ್ಲಿ ಮೊದಲಿನ ಗಾಯಗಳಿಂದಲೇ ಮುಗಿದಿತ್ತು. ಬಂದೂಕನ್ನು ಅಳೆಯುವಾಗ ಕೆತ್ತನೆಯನ್ನಲ್ಲ, ನಳಿಗೆ ಹಿಂದಕ್ಕೆ ಎಷ್ಟು ಬಿಗಿಯಾಗಿ ಕೂರುತ್ತದೆ ಎಂಬುದನ್ನು ನೋಡಬೇಕೆಂದು ತಿಳಿದವರು ಹೇಳುವುದು ಇದಕ್ಕೇ.

ಇನ್ನು ಈಗಿನ ತಯಾರಕರ ಹೋಲಿಕೆ. ಬರ್ಮಿಂಗ್‌ಹ್ಯಾಮ್‌ನ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯ ಆನ್ಸನ್ ಮತ್ತು ಡೀಲಿ ಎಂಬಿಬ್ಬರು 1875ರಲ್ಲಿ ಸಿಡಿಸುವ ಯಂತ್ರವನ್ನೆಲ್ಲ ಒಂದು ಪೆಟ್ಟಿಗೆಯೊಳಗೆ ಅಡಗಿಸಿದ ರಚನೆ ಮಾಡಿದರು. ಬಾಕ್ಸ್‌ಲಾಕ್ ಎಂದು ಅದರ ಹೆಸರು. ಬಿಡಿಭಾಗ ಕಡಿಮೆ, ಗಟ್ಟಿ. ಇನ್ನೊಂದು ಸೈಡ್‌ಲಾಕ್. ಯಂತ್ರ ಎರಡು ಪಕ್ಕದ ತಗಡಿನ ಮೇಲಿರುತ್ತದೆ, ನೋಡಲು ಚಂದ, ಕೆತ್ತನೆಗೆ ಜಾಗ ಹೆಚ್ಚು, ಕೈ ತಪ್ಪಿ ಬಿದ್ದರೆ ಸಿಡಿಯದಂತೆ ತಡೆಯುವ ಇನ್ನೊಂದು ಕೊಕ್ಕೆಯೂ ಸಾಮಾನ್ಯವಾಗಿ ಇರುತ್ತದೆ. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್‌ನವರ ಸೈಡ್‌ಲಾಕ್ ಜೋಡಿಗೆ ಲಕ್ಷ ಪೌಂಡಿಗೂ ಮೀರಿ ಬೆಲೆ, ಎಂದರೆ ನಮ್ಮ ಕೋಟಿ ರೂಪಾಯಿಗೂ ಮಿಗಿಲು. ಅಷ್ಟು ಹಣಕ್ಕೆ ಗುಂಡು ಹೆಚ್ಚು ನೇರ ಹೋಗುತ್ತದೆಂದು ಯಾರೂ ಹೇಳುವುದಿಲ್ಲ.

ನಿಜವಾದ ಸ್ಪರ್ಧೆ ಇರುವುದು ಜರ್ಮನಿಯಲ್ಲಿ, ಅದೂ ಒಂದೇ ಊರಿನ ಮೂವರು ಮಕ್ಕಳ ನಡುವೆ. ಹೈಮ್ 1865ರಲ್ಲಿ, ಕ್ರೀಗ್‌ಹಾಫ್ 1886ರಲ್ಲಿ, ಮೆರ್ಕೆಲ್ 1898ರಲ್ಲಿ ಹುಟ್ಟಿದ್ದು ಮೂರೂ ತುರಿಂಗಿಯಾದ ಜೂಲ್ ಎಂಬ ಪಟ್ಟಣದಲ್ಲಿ. ಎರಡನೇ ಮಹಾಯುದ್ಧದ ನಂತರ ಊರು ಕಮ್ಯುನಿಸ್ಟ್ ಪೂರ್ವ ಜರ್ಮನಿಗೆ ಸೇರಿತು. ಮೆರ್ಕೆಲ್ ಅಲ್ಲೇ ಉಳಿಯಿತು. ಇನ್ನಿಬ್ಬರು ಪಶ್ಚಿಮಕ್ಕೆ ಹೋದರು. ಕ್ರೀಗ್‌ಹಾಫ್ ಉಲ್ಮ್ ನಗರದಲ್ಲಿ ನೆಲೆನಿಂತಿತು, ಹೈಮ್ ಮಾತ್ರ ಜರ್ಮನಿ ಒಂದಾದ ಮೇಲೆ ತುರಿಂಗಿಯಾಕ್ಕೆ ಮರಳಿತು. ಮೂವರದೂ ಬಾಕ್ಸ್‌ಲಾಕ್. ಹತ್ತಿಪ್ಪತ್ತು ಸಾವಿರ ಯೂರೊ ಮತ್ತು ಅದರಾಚೆಗೆ ಬೆಲೆ.

ಹೈಮ್‌ನ 88ಬಿ ಮತ್ತು ಮೆರ್ಕೆಲ್‌ನ 140 ಹಳೆಯ ಇಂಗ್ಲಿಷ್ ದಾರಿಯಲ್ಲೇ ನಡೆದಿವೆ. ಬಂದೂಕು ಮಡಿಸಿದಾಗ ಸ್ಪ್ರಿಂಗ್ ಬಿಗಿದುಕೊಳ್ಳುತ್ತದೆ, ಮುಚ್ಚಿದ ಮೇಲೆ ಕಾಯುವುದು ಸೇಫ್ಟಿ ಕ್ಯಾಚ್ ಒಂದೇ. ಕ್ರೀಗ್‌ಹಾಫ್‌ನ ಕ್ಲಾಸಿಕ್‌ನಲ್ಲಿ ಹಾಗಲ್ಲ. ತೋಟಾ ತುಂಬಿದ್ದರೂ ಸ್ಪ್ರಿಂಗ್ ಸಡಿಲವಾಗಿಯೇ ಇರುತ್ತದೆ. ಹೊಡೆಯುವ ಮುಂಚೆ ಮೇಲಿನ ಗುಂಡಿಯನ್ನು ಹೆಬ್ಬೆರಳಿನಿಂದ ಬಲವಾಗಿ ಮುಂದಕ್ಕೆ ನೂಕಿ ಬಿಗಿಯಬೇಕು. ಬಂದೂಕು ಹೊತ್ತು ದಿನವಿಡೀ ಮುಳ್ಳುಪೊದೆಯಲ್ಲಿ ನಡೆಯುವವನ ಹಿಂದೆ ಮುಂದೆ ಜನರಿರುತ್ತಾರೆ. ಎಡವಿ ಬಿದ್ದಾಗ ಸಿಡಿದರೆ ಸಾಯುವುದು ಆನೆಯಲ್ಲ. ಆದ್ದರಿಂದ ಕ್ರೀಗ್‌ಹಾಫ್‌ನ ಯೋಚನೆ ದೊಡ್ಡದು. ಆದರೆ ಹತ್ತು ಹೆಜ್ಜೆಯಲ್ಲಿ ಕಾಡೆಮ್ಮೆ ನುಗ್ಗಿ ಬಂದಾಗ ಬೆವೆತ ಹೆಬ್ಬೆರಳು ಆ ಗುಂಡಿಯನ್ನು ಪೂರ್ತಿ ನೂಕದಿದ್ದರೆ? ಆಫ್ರಿಕದ ವೃತ್ತಿಪರ ಬೇಟೆಗಾರರು ಇದೇ ಪ್ರಶ್ನೆಯಲ್ಲಿ ಎರಡು ಪಂಗಡವಾಗಿದ್ದಾರೆ. ಹೊಸದಾಗಿ ಕಲಿಯುವವನಿಗೆ ಕ್ರೀಗ್‌ಹಾಫ್, ಹಳೆಯ ರೂಢಿಯವನಿಗೆ ಹೈಮ್ ಎಂಬುದು ನನ್ನ ತೀರ್ಪು. ಫ್ರಾನ್ಸಿನ ಶಾಪ್ವಿ, ವೆರ್ನೆ-ಕಾರೋನ್ ಕಂಪನಿಗಳೂ ಒಳ್ಳೆಯ ಜೋಡಿಗಳನ್ನು ಮಾಡುತ್ತವೆ. ಯುರೋಪಿನಲ್ಲಿ ಜನ ಹೊಕ್ಕು ಎಬ್ಬಿಸಿದ ಕಾಡುಹಂದಿ ಓಡುವಾಗ ಹೊಡೆಯುವ ಪದ್ಧತಿಗೆ ಹಗುರವಾದ ಜೋಡಿ ಹೇಳಿ ಮಾಡಿಸಿದಂತಿದೆ.

ಇನ್ನು ಎರಡಕ್ಕಿಂತ ಐದು ಗುಂಡು ಮೇಲಲ್ಲವೆ ಎಂಬ ಮಾತು. ನೂರೈವತ್ತು ಗಜದಾಚೆಯ ಗುರಿಗೆ ಬೋಲ್ಟ್ ರೈಫಲ್ಲೇ ಮೇಲು. ಕಾರ್ಬೆಟ್‌ರ ಬಳಿ ರಿಗ್ಬಿಯವರ.275 ಬೋಲ್ಟ್ ರೈಫಲ್ಲೂ ಇತ್ತು, ಜೆಫ್ರಿಯವರ .450/400 ಜೋಡಿಯೂ ಇತ್ತು. ನಮ್ಮ ಬೆಂಗಳೂರಿನ ಆಂಡರ್ಸನ್ ಅಂತೂ ಸನ್ನೆಕೋಲಿನಿಂದ ತೋಟಾ ಏರುವ ವಿಂಚೆಸ್ಟರ್ .405ರಲ್ಲೇ ಕೆಲಸ ಮುಗಿಸಿದವರು.

ಈಗ ತಂದೆಯವರಿಗೆ. ಚಂಪಾವತದ ಆ ಹುಲಿ 436 ಜನರನ್ನು ಕೊಂದಿತ್ತೆಂದು ಕಾರ್ಬೆಟ್ ಬರೆದಿದ್ದಾರೆ. ಸತ್ತ ಮೇಲೆ ಅದರ ಬಾಯಿ ಬಿಡಿಸಿ ನೋಡಿದರು. ಬಲಗಡೆಯ ಎರಡು ಕೋರೆಹಲ್ಲೂ ಮುರಿದಿದ್ದವು, ಮೇಲಿನದು ಅರ್ಧಕ್ಕೆ, ಕೆಳಗಿನದು ಬುಡದವರೆಗೆ. ಕಾಡಿನ ಪ್ರಾಣಿಯನ್ನು ಹಿಡಿಯಲಾರದೆ ಅದು ಮನುಷ್ಯನ ಕಡೆ ತಿರುಗಿದ್ದು ಅದರಿಂದ. ಹಲ್ಲು ಮುರಿದದ್ದು ಯಾರೋ ಎಂದೋ ಹಾರಿಸಿದ ಒಂದು ಗುಂಡಿನಿಂದ. ಹಾರಿಸಿದವನ ಹೆಸರು ಯಾರಿಗೂ ತಿಳಿಯದು. ಎರಡನೆಯ ಗುಂಡು ಅವನ ಬಂದೂಕಿನಲ್ಲಿ ಇತ್ತೋ ಇಲ್ಲವೋ, ಇದ್ದೂ ಹಾರಿಸದೆ ಮನೆಗೆ ಹೋದನೋ, ಅದೂ ತಿಳಿಯದು.