ಎಣ್ಣೆ ಹೆಚ್ಚಿದಷ್ಟೂ ಒಳ್ಳೆಯದಲ್ಲ

ಚೈನ್‌ಸಾ ಪೆಟ್ರೋಲ್‌ಗೆ ಎಣ್ಣೆ ಒಂದಿಷ್ಟು ಜಾಸ್ತಿಯೇ ಇರಲಿ, ಯಾವ ಎಣ್ಣೆಯಾದರೂ ನಡೆಯುತ್ತದೆ ಎಂದು ಕಳೆದ ಸಂಚಿಕೆಯ ಲೇಖನ ಹೇಳಿದೆ. ಎರಡೂ ತಪ್ಪು. ನಂಬಿದ ತೋಟದವರು ಯಂತ್ರ ಹಾಳುಮಾಡಿಕೊಳ್ಳುತ್ತಾರೆ.

ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲ್ ಜೊತೆ ಬಂದ ಎಣ್ಣೆಯೇ ಬೇರಿಂಗ್, ಪಿಸ್ಟನ್‌ಗಳನ್ನು ಸವರಿ ಕೊನೆಗೆ ಉರಿದುಹೋಗಬೇಕು. ಹೆಚ್ಚಾದದ್ದು ಪೂರ್ತಿ ಉರಿಯದೆ ಮಸಿಯಾಗುತ್ತದೆ. ಅಂಥ ಯಂತ್ರದ ಸೈಲೆನ್ಸರ್ ಬಿಚ್ಚಿ ನೋಡಿ: ಹೊಗೆ ಹೋಗುವ ಕಿಂಡಿಯ ಅಂಚಿನಲ್ಲಿ ಕರಿ ಗಟ್ಟಿಯಾಗಿ ಕೂತಿರುತ್ತದೆ, ಕಿಡಿ ತಡೆಯುವ ಜಾಲರಿ ಅರ್ಧ ಮುಚ್ಚಿರುತ್ತದೆ, ಪ್ಲಗ್ಗಿನ ತುದಿ ಕಪ್ಪಾಗಿ ಒದ್ದೆಯಾಗಿರುತ್ತದೆ. ರಿಂಗ್ ಅಂಟಿಕೊಂಡರೆ ಕಂಪ್ರೆಷನ್ ಹೋಯಿತು.

ಸ್ಟಿಲ್, ಹಸ್ಕ್‌ವರ್ನಾ ಕಂಪನಿಗಳು ತಾವು ಒಪ್ಪಿದ ಎಣ್ಣೆಗೆ ಹೇಳುವುದು 50:1. ಅಂದರೆ ಲೀಟರ್ ಪೆಟ್ರೋಲ್‌ಗೆ 20 ಮಿ.ಲೀ. ಕೈಪಿಡಿಯಲ್ಲಿ 25:1 ಎಂದಿದ್ದರೆ 40 ಹಾಕಲೇಬೇಕು. ಕಡಿಮೆ ಮಾಡಿದರೆ ಪಿಸ್ಟನ್ ಜಾಮ್ ಆಗುತ್ತದೆ. ಮುಚ್ಚಳದ ಅಂದಾಜು ಬೇಡ, ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆಯಿರಿ.

'ಯಾವ ಎಣ್ಣೆಯಾದರೂ' ಎಂಬುದು ಇನ್ನೂ ಅಪಾಯದ ಮಾತು. ಬೈಕಿನ ಫೋರ್-ಸ್ಟ್ರೋಕ್ ಎಣ್ಣೆ ಉರಿಯಲೆಂದು ಮಾಡಿದ್ದಲ್ಲ. ಟಿಸಿ-ಡಬ್ಲ್ಯು3 ಎಣ್ಣೆ ನೀರಿನಿಂದ ತಣಿಯುವ ದೋಣಿ ಎಂಜಿನ್‌ಗೆ. ಗಾಳಿಯಲ್ಲೇ ತಣಿಯಬೇಕಾದ ಗರಗಸಕ್ಕೆ ಡಬ್ಬಿಯ ಮೇಲೆ ಜಾಸೋ ಎಫ್‌ಡಿ ಎಂದಿರುವುದನ್ನು ಕೊಳ್ಳಿ.

ಲೇಖನ ಮುಟ್ಟದ ಸಂಗತಿಯೊಂದಿದೆ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಅದು ತೇವ ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ಬೆರೆಸಿದ್ದನ್ನು ತಿಂಗಳುಗಟ್ಟಲೆ ಇಡಬೇಡಿ, ಬೇಕಾದಷ್ಟೇ ಬೆರೆಸಿ.