ಇನ್ನೂ ಮಿಕ್ಸ್ ಆಗಿಲ್ಲ, ಕೇಳಿ ಹೇಳಿ

ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಮಂಗಳೂರು ಆಕಾಶವಾಣಿಗೆ ತುಳುನಾಡಿನ ವೀರರಾದ ಕೋಟಿ–ಚೆನ್ನಯರ ಪಾಡ್ದನ (ತುಳು ಕಥನಗೀತೆ) ಹಾಡಿಕೊಟ್ಟಾಗ ಸುಮಾರು ಇಪ್ಪತ್ತು ನಿಮಿಷದಲ್ಲಿ ಕಥೆ ಮುಗಿದಿತ್ತು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೋಂಕೊ ಅವರ ತಂಡ ಅದೇ ಪಾಡ್ದನವನ್ನು ಪೂರ್ತಿ ಕೇಳಬೇಕೆಂದಾಗ ಹದಿನೈದು ಗಂಟೆಗೂ ಮಿಕ್ಕಿ ಹಾಡಿದರು. ಯಾವುದು ಪೂರ್ತಿ ಎಂದು ಕೇಳಿದರೆ, ನಾಯ್ಕರ ಲೆಕ್ಕದಲ್ಲಿ ಎರಡೂ ಪೂರ್ತಿಯೇ. 1990ರ ಡಿಸೆಂಬರಿನಲ್ಲಿ ಅವರು ಹಾಡಿದ ಸಿರಿ ಪಾಡ್ದನ 15,683 ಸಾಲಿನದ್ದು. ಹೋಂಕೊ ದಂಪತಿಯ ಜತೆ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರು ದುಡಿದು 1998ರಲ್ಲಿ ಅದು ಹೆಲ್ಸಿಂಕಿಯಲ್ಲಿ ಪುಸ್ತಕವಾಯಿತು. ಪುಸ್ತಕದಲ್ಲಿ ಸಾಲುಗಳು ನಿಂತಲ್ಲೇ ನಿಂತವು. ಭತ್ತದ ನೇಜಿ ನೆಡುವ ಗದ್ದೆಯಲ್ಲಿ ಅವು ಹಾಗೆ ನಿಂತದ್ದಿಲ್ಲ. ಗದ್ದೆ ಎಷ್ಟು ದೊಡ್ಡದೋ ಹಾಡು ಅಷ್ಟು ಉದ್ದ, ಜತೆಯಲ್ಲಿ ಸೊಲ್ಲು ಹಿಡಿಯುವವರು ಎಷ್ಟು ಚುರುಕೋ ಅಷ್ಟು ರಂಗು.

ಹೀಗೆ ಎಂದೂ ಮುಗಿಯದ ಹಾಡುಗಳ ನಡುವೆ ಬೆಳೆದ ಸೀಮೆ ನಮ್ಮದು. ಹಾಗಿದ್ದೂ ಇವತ್ತು ಇಲ್ಲಿ ಮನೆಯಲ್ಲೇ ಹಾಡು ಮಾಡುವ ಹುಡುಗ ಹುಡುಗಿಯರಿಗೆ ಅರ್ಧ ಆದ ಹಾಡನ್ನು ಇನ್ನೊಬ್ಬರಿಗೆ ಕೇಳಿಸಲು ಎಲ್ಲಿಲ್ಲದ ಸಂಕೋಚ. ಈ ಸಂಚಿಕೆಯನ್ನು ಮನೆ ಸ್ಟುಡಿಯೋಗಳಿಗೆ ಮೀಸಲಿಡಲು ಹೊರಟಾಗ ನಮಗೆ ಹೆಚ್ಚು ಕಾಡಿದ್ದು ಉಪಕರಣಗಳ ಸಂಗತಿಯಲ್ಲ, ಈ ಸಂಕೋಚ. ಪತ್ರಿಕೆಯವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ನಮ್ಮ ಮೇಜಿಗೆ ಬರುವುದೆಲ್ಲ ಅರ್ಧಂಬರ್ಧವೇ. ಕವಿಗಳು ಅಳಿಸಿ ಬರೆದು ಕಳಿಸುತ್ತಾರೆ, ನಾವು ಇನ್ನಷ್ಟು ಅಳಿಸಿ ವಾಪಸು ಕಳಿಸುತ್ತೇವೆ, ಜಗಳವಾಗುತ್ತದೆ, ಕೊನೆಗೆ ಕವಿತೆ ಅಚ್ಚಾಗುತ್ತದೆ. ಸಂಗೀತದವರಿಗೆ ಆ ಜಗಳದ ಭಾಗ್ಯ ಇಲ್ಲ. ಹಾಡು ಒಮ್ಮೆಗೇ ಥಂಬ್‌ನೇಲ್ ಸಮೇತ ಬಿಡುಗಡೆಯಾಗಿ ಬರುತ್ತದೆ. ಆಮೇಲೆ ಹೇಳಲು ಏನು ಉಳಿದಿರುತ್ತದೆ, "ಸೂಪರ್ ಅಣ್ಣ" ಎನ್ನುವುದನ್ನು ಬಿಟ್ಟು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆ ಸ್ಟುಡಿಯೋ ಎಂದರೆ ದೊಡ್ಡದೇನೂ ಅಲ್ಲ. ಒಂದು ಲ್ಯಾಪ್‌ಟಾಪ್, ಇಲ್ಲಿ ಹೆಚ್ಚಿನವರು ಸೌಂಡ್‌ಕಾರ್ಡ್ ಎಂದೇ ಕರೆಯುವ ಆಡಿಯೋ ಇಂಟರ್‌ಫೇಸ್, ಒಂದು ಕಂಡೆನ್ಸರ್ ಮೈಕ್, ಹೆಡ್‌ಫೋನ್, ಯಾರಿಂದಲೋ ಸೆಕೆಂಡ್ ಹ್ಯಾಂಡ್ ಕೊಂಡ ಕೀಬೋರ್ಡ್. ಗೋಡೆಗೆ ಕಂಬಳಿ, ಮೂಲೆಗೆ ಹಳೆಯ ಹಾಸಿಗೆ. ಸೀರೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರ ಎದುರು ನಿಂತು ಹಾಡುವವರೂ ಇದ್ದಾರೆ. ನಗಬೇಡಿ, ಒತ್ತಾಗಿ ತುಂಬಿದ ಬಟ್ಟೆ ಪ್ರತಿಧ್ವನಿಯನ್ನು ಚೆನ್ನಾಗಿಯೇ ಹೀರುತ್ತದೆ. ಮಳೆಗಾಲದ ನಾಲ್ಕು ತಿಂಗಳು ಮಾತ್ರ ಕಷ್ಟ. ತಗಡು ಶೀಟಿನ ಮೇಲೆ ಆಟಿ ತಿಂಗಳ ಮಳೆ ಬಿದ್ದರೆ ಕಂಡೆನ್ಸರ್ ಮೈಕ್ ಹಾಡಿಗಿಂತ ಮೊದಲು ಮಳೆಯನ್ನೇ ಹಿಡಿಯುತ್ತದೆ. ಮಳೆ ನಿಂತರೆ ಕಪ್ಪೆ, ಕಪ್ಪೆ ನಿಂತರೆ ಜೀರುಂಡೆ, ಅದೂ ನಿಂತರೆ ಕರೆಂಟ್ ಹೋಗಿರುತ್ತದೆ. ಅನುಭವಸ್ಥರು ಆ ದಿನಗಳಲ್ಲಿ ವೇದಿಕೆಯ ಡೈನಮಿಕ್ ಮೈಕನ್ನೇ ಬಾಯಿಗೆ ಹತ್ತಿರ ಹಿಡಿದು ಕೆಲಸ ಮುಗಿಸುತ್ತಾರೆ.

ಈ ಕೋಣೆಗಳಲ್ಲಿ ತಯಾರಾಗುವುದು ಎಂಥ ಹಾಡು ಎಂದು ಬೆಂಗಳೂರಿನ ಓದುಗರಿಗೆ ಹೇಳಬೇಕು. ತುಳು ಆಲ್ಬಂ ಹಾಡು, ನಾಟಕ ತಂಡದ ಶೀರ್ಷಿಕೆ ಗೀತೆ, ಮದುವೆಯ ಮುಂಚಿನ ರಾತ್ರಿಯ ಮೆಹೆಂದಿಗೆ ಬೇಕಾದ ಹಾಡು, ಬ್ಯಾರಿ ಹಾಡು, ಕೊಂಕಣಿ ಹಾಡು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಬ್ರಹ್ಮಕಲಶದ ಭಕ್ತಿಗೀತೆ. ದೇವಸ್ಥಾನ ಜೀರ್ಣೋದ್ಧಾರವಾಯಿತೆಂದರೆ ಆಮಂತ್ರಣ ಪತ್ರಿಕೆಯ ಜತೆ ಹಾಡೂ ಬರಬೇಕು. ಮುಹೂರ್ತ ಮುಂದೆ ಹೋಗುವುದಿಲ್ಲವಾದ್ದರಿಂದ ಹಾಡು ಮುಗಿಯಲೇಬೇಕು. ನಮ್ಮಲ್ಲಿ ಅತಿ ಹೆಚ್ಚು ಹಾಡುಗಳನ್ನು ಮುಗಿಸಿದವರು ಬಹುಶಃ ಪುರೋಹಿತರೇ.

ಒಂದೇ ಹಾಡಿಗೆ ಟ್ಯೂನ್ ಹಾಕಿದವರು ಬಿ.ಸಿ. ರೋಡಿನಲ್ಲಿ, ಕೊಳಲಿನವರು ಉಜಿರೆಯಲ್ಲಿ, ಹಾಡುವವರು ಮೂಡುಬಿದಿರೆಯಲ್ಲಿ ಇರಬಹುದು. ಫೋನಿನಲ್ಲಿ ಒಟ್ಟಿಗೆ ನುಡಿಸಿಬಿಡಬಹುದಲ್ಲ ಎಂದು ಹೊರಗಿನವರಿಗೆ ಅನಿಸುತ್ತದೆ. ಆಗುವುದಿಲ್ಲ. ಸದ್ದು ಆ ಕಡೆ ತಲುಪುವುದು ಸೆಕೆಂಡಿನ ನೂರರಲ್ಲಿ ಎರಡು ಮೂರು ಭಾಗಕ್ಕಿಂತ ತಡವಾದರೆ ತಾಳ ಹಿಡಿದು ಕೂರಲಾಗದು. ಇಂಟರ್‌ನೆಟ್ ಕರೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ತಡ. 2020ರ ಲಾಕ್‌ಡೌನಿನಲ್ಲಿ ನಾವು ನೋಡಿದ "ಒಟ್ಟಿಗೆ ಹಾಡಿದ" ವಿಡಿಯೋಗಳು ಹೆಚ್ಚಾಗಿ ಒಬ್ಬೊಬ್ಬರೇ ಕ್ಲಿಕ್, ಅಂದರೆ ಯಂತ್ರದ ತಾಳದ ಪೆಟ್ಟು, ಕೇಳುತ್ತ ಹಾಡಿ ಕಳಿಸಿದ್ದನ್ನು ಆಮೇಲೆ ಜೋಡಿಸಿದ್ದು. ಅಂದರೆ ದೂರದಿಂದ ಹಾಡು ಮಾಡುವವರು ಮುಗಿಯದ್ದನ್ನು ಕಳಿಸದೆ ಗತಿಯೇ ಇಲ್ಲ. ಕೊಳಲಿನವರಿಗೆ ಹೋಗುವ ಫೈಲಿನಲ್ಲಿ ಬರಿಯ ಲಯ, ಶ್ರುತಿ, ಸಾಹಿತ್ಯ ಇನ್ನೂ ಬಾರದ್ದರಿಂದ "ಲಲಲ" ಎಂದು ಹಾಡಿದ ಟ್ಯೂನ್, ಇಷ್ಟೇ.

ಯಕ್ಷಗಾನದವರಿಗೆ ಈ ಕ್ಲಿಕ್ ಎಂಬುದೇ ಒಗ್ಗುವುದಿಲ್ಲ. ಭಾಗವತರು ಪದ್ಯವನ್ನು ಎಲ್ಲಿ ಎಳೆಯುತ್ತಾರೆ, ಎಲ್ಲಿ ಬಿಗಿ ಮಾಡುತ್ತಾರೆ ಎಂಬುದು ಎದುರಿಗೆ ನಿಂತ ವೇಷವನ್ನೂ ಪಕ್ಕದ ಚೆಂಡೆ ಮದ್ದಳೆಯನ್ನೂ ನೋಡಿ ಆ ಗಳಿಗೆಯಲ್ಲಿ ತೀರ್ಮಾನವಾಗುವ ವಿಷಯ. ಮೂಡುಬಿದಿರೆ ಬಳಿಯ ಮಾರೂರಿನಲ್ಲಿದ್ದು 2023ರ ಫೆಬ್ರವರಿಯಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರು ಪ್ರಸಂಗಕ್ಕೆ ಪ್ರಸಂಗವನ್ನೇ ಪುಸ್ತಕ ನೋಡದೆ ಹಾಡುತ್ತಿದ್ದವರು. ಅವರ ಪದ್ಯ ನಿಮಿಷಕ್ಕೆ ಇಷ್ಟು ಪೆಟ್ಟು ಎಂಬ ಯಂತ್ರದ ಲೆಕ್ಕಕ್ಕೆ ಕೂರುತ್ತಿತ್ತೇ? ಹಾಗಾಗಿ ನಮ್ಮ ಕಡೆಯ ಕೆಲವು ಎಳೆಯರು ಉಪಾಯ ತಿರುಗಿಸಿದ್ದಾರೆ. ಮೊದಲು ಭಾಗವತರನ್ನು ಚಕ್ರತಾಳದೊಂದಿಗೆ ಸ್ವತಂತ್ರವಾಗಿ ಹಾಡಿಸುತ್ತಾರೆ, ಆಮೇಲೆ ಯಂತ್ರದ ಲೆಕ್ಕವನ್ನೇ ಅವರ ಹಿಂದೆ ಎಳೆದುಕೊಂಡು ಹೋಗುತ್ತಾರೆ. ದುಪ್ಪಟ್ಟು ಕೆಲಸ, ಆದರೆ ಪದ್ಯಕ್ಕೆ ಜೀವ ಉಳಿಯುತ್ತದೆ.

ಅರ್ಧ ಹಾಡನ್ನು ಕೇಳುವ ಕಿವಿ ಎಂಥದ್ದು ಎನ್ನುವುದಕ್ಕೆ ಬಂಟ್ವಾಳದವರೇ ಆದ ಕದ್ರಿ ಗೋಪಾಲನಾಥರ ಬದುಕನ್ನು ನೋಡಬೇಕು. ಸಜಿಪಮೂಡದವರು, ತಂದೆ ತನಿಯಪ್ಪ ನಾಗಸ್ವರದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮರುಳಾದ ಹುಡುಗನಿಗೆ ಅದರಲ್ಲಿ ಕರ್ನಾಟಕ ಸಂಗೀತ ನುಡಿಸುವ ಹಟ. ಕೀಲಿ ಒತ್ತಿದರೆ ಸ್ವರ ಸೀದಾ ಬಂದು ನಿಲ್ಲುವ ವಾದ್ಯ ಅದು. ಗಮಕಕ್ಕೆ ಬೇಕಾದ ಜಾರು, ಓಲಾಟ ಅದರ ಮೈಯಲ್ಲೇ ಇಲ್ಲ. ತುಟಿಯಿಂದ, ಉಸಿರಿನಿಂದ, ವಾದ್ಯವನ್ನೇ ಅಲ್ಲಲ್ಲಿ ಮಾರ್ಪಡಿಸಿ ಅವರು ಅದನ್ನು ಒಲಿಸಿಕೊಳ್ಳಲು ವರ್ಷಗಳೇ ಹಿಡಿದವು. ಆ ವರ್ಷಗಳಲ್ಲಿ ಅವರು ನುಡಿಸಿದ್ದೆಲ್ಲ ಅರ್ಧವೇ ತಾನೆ? ಅದನ್ನು ಕೇಳಿ, ತಿದ್ದಿ, ಇದು ಆಗದ ಕೆಲಸ ಎಂದು ಓಡಿಸದೆ ಕೂರಿಸಿಕೊಂಡವರು ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದರಾಸಿನ ಟಿ.ವಿ. ಗೋಪಾಲಕೃಷ್ಣನ್. 1994ರಲ್ಲಿ ಗೋಪಾಲನಾಥರು ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದ್ದನ್ನು ಎಲ್ಲರೂ ಹೇಳುತ್ತಾರೆ. ಅಯ್ಯರ್ ಅವರ ಆ ಕೋಣೆಯ ಮಾತು ಯಾರೂ ಎತ್ತುವುದಿಲ್ಲ.

ಅದೇ 1994ರಲ್ಲಿ ತೆರೆಕಂಡ ತಮಿಳಿನ 'ಡ್ಯುಯೆಟ್' ಚಿತ್ರದ ವಿಷಯವನ್ನು ಗೋಪಾಲನಾಥರೇ ಹೇಳಿಕೊಂಡಿದ್ದುಂಟು: ರಾಗದ ಮೇಲೆ ರಾಗ ನುಡಿಸಿದರೂ ಎ.ಆರ್. ರಹಮಾನ್ ಅವರಿಗೆ ಒಪ್ಪಿಗೆಯಾಗಲಿಲ್ಲ, ಕೊನೆಗೆ ಕಲ್ಯಾಣವಸಂತದ ತುಣುಕು ಬಂದಾಗ ಇದೇ ಬೇಕಾದದ್ದು ಎಂದಾಯಿತು. ಅಷ್ಟು ಹೆಸರು ಮಾಡಿದ ವಿದ್ವಾಂಸರು ತಮಗಿಂತ ಎಷ್ಟೋ ಕಿರಿಯ ಹುಡುಗನ ಎದುರು ಸರಿಬಾರದ ತುಣುಕುಗಳನ್ನು ಒಂದರ ಹಿಂದೊಂದು ಇಡಲು ಹಿಂಜರಿಯಲಿಲ್ಲ. ರಹಮಾನರ ಸ್ಟುಡಿಯೋ ಕೂಡ 1989ರಲ್ಲಿ ಶುರುವಾದದ್ದು ಕೋಡಂಬಾಕಂನ ಮನೆಯ ಹಿತ್ತಲಲ್ಲಿ. ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮನೆಯಲ್ಲಿ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ಹಿಡಿದಿಟ್ಟ ಡೆಮೊಗಳನ್ನು ತಂಡದೊಂದಿಗೆ ಮತ್ತೆ ಧ್ವನಿಮುದ್ರಿಸಿ ನೋಡಿ, ಸರಿಹೋಗದೆ, 1982ರಲ್ಲಿ ಆ ಕ್ಯಾಸೆಟ್ಟನ್ನೇ 'ನೆಬ್ರಾಸ್ಕಾ' ಎಂದು ಬಿಡುಗಡೆ ಮಾಡಿದರು. ರಫ್ ಎಂದು ಬದಿಗಿಡುವ ಮೊದಲು ಯಾರಾದರೂ ಒಬ್ಬರು ಅದನ್ನು ಕೇಳಿರಬೇಕು, ಅಷ್ಟೇ ನಮ್ಮ ವಾದ.

ಕೇಳುವುದು ಹೇಗೆ? ನಮ್ಮ ಭಜನಾ ಮಂಡಳಿಗಳಲ್ಲಿ ಇದಕ್ಕೊಂದು ಪಾಠ ಇದೆ. ಹೊಸಬನ ಶ್ರುತಿ ಇಳಿದರೆ ಹಾರ್ಮೋನಿಯಂನವರು ಮಾತಾಡುವುದಿಲ್ಲ, ಆ ಸ್ವರವನ್ನು ಸ್ವಲ್ಪ ಗಟ್ಟಿಯಾಗಿ ಒತ್ತುತ್ತಾರೆ. ಎಲ್ಲಿ ತಪ್ಪಿತು ಎಂದು ಅವನಿಗೆ ಅಲ್ಲೇ ಗೊತ್ತಾಗುತ್ತದೆ. ಧರ್ಮಸ್ಥಳದಲ್ಲಿ ವರ್ಷ ವರ್ಷ ನಡೆಯುವ ಭಜನಾ ಕಮ್ಮಟಕ್ಕೆ ಹೋಗಿ ಬಂದವರ ಮಂಡಳಿಗಳಲ್ಲಿ ಈ ರೀತಿಯನ್ನು ಯಾರಾದರೂ ಗುರುತಿಸಬಹುದು. ಫೈಲಿನಲ್ಲಿ ಬಂದ ಹಾಡಿಗೂ ಅಂಥದ್ದೇ ಉತ್ತರ ಬೇಕು. "1 ನಿಮಿಷ 40 ಸೆಕೆಂಡಿನಲ್ಲಿ ತಬಲಾ ಹಾಡನ್ನು ಮುಚ್ಚುತ್ತದೆ ಮಾರಾಯ್ರೆ", "ಎರಡನೇ ಚರಣದಲ್ಲಿ ಸಕಾರ ಕಿವಿಗೆ ಚುಚ್ಚುತ್ತದೆ", "ಪಲ್ಲವಿ ಮೂರನೇ ಸಲ ಬೇಡ" ಎಂದರೆ ಕೆಲಸಕ್ಕೆ ಬರುತ್ತದೆ. "ಏನೋ ಒಂದು ಕೊರತೆ ಇದೆ" ಎಂದರೆ ಕಳಿಸಿದವನ ಅಂದಿನ ನಿದ್ರೆ ಹೋಗುತ್ತದೆ, ಹಾಡು ಇದ್ದಲ್ಲೇ ಇರುತ್ತದೆ.

ಕಳಿಸುವವರಿಗೂ ಒಂದು ಮಾತು. ಏನು ಕೇಳಬೇಕೆಂದು ಹೇಳಿ ಕಳಿಸಿ. ಟ್ಯೂನ್ ಬಗ್ಗೆ ಸಂಶಯವೋ, ಸಾಹಿತ್ಯದ್ದೋ, ಬರಿಯ ಧ್ವನಿಯದ್ದೋ? ವಾಟ್ಸಾಪಿನಲ್ಲಿ ಆಡಿಯೋ ಎಂದು ಕಳಿಸುವ ಬದಲು ಡಾಕ್ಯುಮೆಂಟ್ ಎಂದು ಕಳಿಸಿದರೆ ಫೈಲು ಇದ್ದ ಹಾಗೆಯೇ ತಲುಪುತ್ತದೆ. ಮತ್ತೆ, ಫೋನಿನ ಸ್ಪೀಕರಿನಲ್ಲಿ ಬೇಸ್ ಕೇಳುವುದಿಲ್ಲ ಎಂದು ದೂರುವವರ ಅಭಿಪ್ರಾಯಕ್ಕೆ ಬೇಸರಪಡಬೇಡಿ. ನಿಮ್ಮ ಹಾಡನ್ನು ಊರಿನ ಹೆಚ್ಚಿನವರು ಕೇಳುವುದು ಅದೇ ಸ್ಪೀಕರಿನಲ್ಲಿ.

ಸಂಕೋಚದ ಬುಡದಲ್ಲಿ ಇನ್ನೊಂದು ಭಯ ಇದೆ, ಯಾರಾದರೂ ಕದ್ದಾರು ಎಂಬುದು. ಅದು ಸುಳ್ಳು ಭಯವಲ್ಲ. 2022ರಲ್ಲಿ 'ಕಾಂತಾರ'ದ 'ವರಾಹರೂಪಂ' ಹಾಡಿನ ಮೇಲೆ ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ತಕರಾರು ಎತ್ತಿ, ಕೋಯಿಕ್ಕೋಡಿನ ನ್ಯಾಯಾಲಯದ ಆದೇಶದಿಂದ ಹಾಡು ಕೆಲಕಾಲ ನಿಂತೇಹೋಗಿ ಆಮೇಲೆ ಮರಳಿದ್ದು ನೆನಪಿರಬಹುದು. ಅಂದಿನಿಂದ ಇಲ್ಲಿನ ಸಣ್ಣ ಹುಡುಗರೂ ತಮ್ಮ ಟ್ಯೂನನ್ನು ಮುಷ್ಟಿಯಲ್ಲಿ ಬಿಗಿದುಕೊಂಡಿದ್ದಾರೆ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಹುಟ್ಟಲು ನೋಂದಣಿ ಕಡ್ಡಾಯವಲ್ಲ. ಹಾಡು ಮಾಡಿದಾಗಲೇ ಅದು ಮಾಡಿದವರದ್ದು. ಜಗಳವಾದರೆ ಬೇಕಾಗುವುದು ಸಾಕ್ಷಿ. ನಾಲ್ವರಿಗೆ ತಾರೀಕು ಸಮೇತ ಹೋದ ರಫ್ ಫೈಲು, ಯಾರಿಗೂ ಕೇಳಿಸದೆ ಹಾರ್ಡ್ ಡಿಸ್ಕಿನಲ್ಲಿ ಕೂತ ಹಾಡಿಗಿಂತ ಗಟ್ಟಿ ಸಾಕ್ಷಿಯಾದೀತು.

ಮೂಡುಬಿದಿರೆಯವರಿಗೆ ಬಚ್ಚಿಡುವುದರ ಗುಣ ದೋಷ ಎರಡೂ ಗೊತ್ತು. ಜೈನ ಆಗಮವಾದ ಷಟ್ಖಂಡಾಗಮಕ್ಕೆ ವೀರಸೇನರು ಬರೆದ ಧವಲಾ ಟೀಕೆಯ ಹಳೆಗನ್ನಡ ಲಿಪಿಯ ತಾಳೆಗರಿಗಳು ಶತಮಾನಗಳ ಕಾಲ ಉಳಿದದ್ದು ಇಲ್ಲಿನ ಸಿದ್ಧಾಂತ ಬಸದಿಯ ಬಿಗಿ ಕಾವಲಿನಿಂದ. ಗರಿಗಳು ಶಿಥಿಲವಾಗುತ್ತ ಬಂದವು. ಕೊನೆಗೆ ಪ್ರತಿ ಮಾಡಲು ಕೂತವರು ಗುಟ್ಟಾಗಿ ಇನ್ನೊಂದು ಪ್ರತಿ ತೆಗೆದುಕೊಂಡು, ಅದು ಉತ್ತರಕ್ಕೆ ಹೋಗಿ, 1939ರಿಂದ ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಅಚ್ಚಾಗತೊಡಗಿತು. ಗುಟ್ಟಾಗಿ ನಕಲು ಮಾಡಿದ್ದು ಸರಿಯೆಂದು ನಾವು ಹೇಳುವುದಿಲ್ಲ. ಕೇಳಿ ಪಡೆಯುವ ದಾರಿ ಇದ್ದಿದ್ದರೆ ಗುಟ್ಟಿನ ಅಗತ್ಯ ಇರುತ್ತಿರಲಿಲ್ಲ ಎಂದಷ್ಟೇ. ಹಾಗೆಯೇ, ಗೆಳೆಯ ನಂಬಿ ಕಳಿಸಿದ ರಫ್ ಹಾಡನ್ನು ಇನ್ನೊಂದು ಗುಂಪಿಗೆ ಫಾರ್ವರ್ಡ್ ಮಾಡುವುದು, ಸ್ಟೇಟಸ್ಸಿಗೆ ಹಾಕುವುದು ನಮ್ಮ ಲೆಕ್ಕದಲ್ಲಿ ಕಳ್ಳತನಕ್ಕೆ ತುಂಬ ದೂರದ್ದಲ್ಲ.

ಇನ್ನು ದುಡ್ಡಿನ ವಿಷಯ. ಬೆಂಬಲ ಎಂದರೆ ಲೈಕ್ ಎಂದು ತಿಳಿದವರು ಬಹಳ. ಟ್ರ್ಯಾಕ್ ಹಾಡಿದ ಹುಡುಗಿಗೆ ಬಸ್ಸಿನ ಖರ್ಚೂ ಸಿಗುವುದಿಲ್ಲ, ಅವಳು ತೋರಿಸಿಕೊಟ್ಟ ದಾರಿಯಲ್ಲೇ ಹೆಸರಾಂತ ಗಾಯಕರು ಬಂದು ಹಾಡಿ ಹೋಗುತ್ತಾರೆ. ಮಿಕ್ಸಿಂಗ್ ಮಾಡಿದವನಿಗೆ "ನಮ್ಮದೇ ಹುಡುಗ, ದೇವರ ಕೆಲಸ" ಎಂಬ ಆಶೀರ್ವಾದ. ಬ್ರಹ್ಮಕಲಶದ ಹಾಡಿನ ವಿಡಿಯೋವನ್ನು ಕೊನೆಯ ತನಕ ನೋಡಿ. ಆಡಳಿತ ಮೊಕ್ತೇಸರರು, ಸ್ವಾಗತ ಸಮಿತಿ, ಹೊರೆಕಾಣಿಕೆ ಸಮಿತಿ, ದಾನಿಗಳು, ಮುಂಬಯಿ ಸಮಿತಿ, ಫ್ಲೆಕ್ಸ್ ಪ್ರಾಯೋಜಕರು, ಎಲ್ಲರ ಫೋಟೋ ಇರುತ್ತದೆ. ಕೊಳಲು ಯಾರದ್ದು, ಮಿಕ್ಸ್ ಯಾರದ್ದು, ಯಾರ ಮನೆಯ ಕೋಣೆಯಲ್ಲಿ ಮುದ್ರಣವಾಯಿತು ಎಂಬ ಮೂರು ಸಾಲಿಗೆ ಜಾಗ ಸಾಲುವುದಿಲ್ಲ. ಈ ಮಾಗಿಯಲ್ಲಿ ಬ್ರಹ್ಮಕಲಶ ಇಟ್ಟುಕೊಂಡಿರುವ ಸಮಿತಿಯವರಲ್ಲಿ ಪತ್ರಿಕೆಯ ವಿನಂತಿ ಇಷ್ಟು: ಪ್ರಾಯೋಜಕರ ಫೋಟೋ ಒಂದನ್ನು ಬೇಕಾದರೆ ಸ್ವಲ್ಪ ಸಣ್ಣದು ಮಾಡಿ, ಆ ಮೂರು ಸಾಲು ಹಾಕಿ. ಹಾಕಿದವರ ಹಾಡನ್ನು ನಮಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಆ ಹೆಸರುಗಳನ್ನು ನಾವೂ ಅಚ್ಚು ಮಾಡುತ್ತೇವೆ. ಹಾಡು ಇನ್ನೂ ಮಿಕ್ಸ್ ಆಗಿರದಿದ್ದರೂ ಅಡ್ಡಿಯಿಲ್ಲ.