ಹೇಗ್‌ನ ಬಿಟ್ಟಿ ಚಾಕರಿ

ರೋಮ್ ಶಾಸನ ಜಾರಿಗೆ ಬಂದು, ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಹುಟ್ಟಿದ್ದು 2002ರ ಜುಲೈ 1ರಂದು. ಎರಡು ದಶಕಗಳ ಈ ಹಾದಿಯನ್ನು ಹಿಂದಿರುಗಿ ನೋಡುವವರು ಸಾಮಾನ್ಯವಾಗಿ ತೀರ್ಪುಗಳನ್ನು ಎಣಿಸುತ್ತಾರೆ. ಕಾಂಗೋದ ಲುಬಂಗನಿಗೆ 14 ವರ್ಷ, ಎನ್‌ಟಗಂಡನಿಗೆ 30, ಉಗಾಂಡದ ಆಂಗ್ವೆನ್‌ಗೆ 25. ಬೆಂಬಾ 2018ರಲ್ಲಿ ಮೇಲ್ಮನವಿಯಲ್ಲಿ ಖುಲಾಸೆ. ಆ ಎಣಿಕೆ ಬೇಕಾದಷ್ಟು ನಡೆದಿದೆ. ಈ ಪ್ರಕರಣಗಳ ಕಡತ ಓದಿ, ಟಿಪ್ಪಣಿ ಬರೆದು, ಸಂಬಳವಿಲ್ಲದೆ ಊರಿಗೆ ಮರಳಿದ ಕಾನೂನು ಪದವೀಧರರ ಲೆಕ್ಕ ಮಾತ್ರ ಯಾರ ಸಿಂಹಾವಲೋಕನದಲ್ಲೂ ಬರುವುದಿಲ್ಲ.

ಇಂಟರ್ನ್‌ಗಳು ಅಲ್ಲಿ ಮಾಡುವುದು ಚಹಾ ತರುವ ಕೆಲಸವಲ್ಲ. ನ್ಯಾಯಾಧೀಶರ ವಿಭಾಗದಲ್ಲಿದ್ದರೆ ಸಾಕ್ಷಿಗಳ ಹೇಳಿಕೆಯ ಸಾವಿರಾರು ಪುಟಗಳನ್ನು ಸಂಕ್ಷೇಪಿಸಿ ಕೊಡಬೇಕು. ಅಧೀನ ಸೈನಿಕರ ಕೃತ್ಯಕ್ಕೆ ದಂಡನಾಯಕ ಎಷ್ಟರಮಟ್ಟಿಗೆ ಹೊಣೆ ಎಂಬಂಥ ಪ್ರಶ್ನೆಗೆ ಹಿಂದಿನ ನ್ಯಾಯಮಂಡಳಿಗಳು ಏನು ಹೇಳಿವೆ ಎಂದು ಹುಡುಕಬೇಕು, ಕರಡಿನ ಅಡಿಟಿಪ್ಪಣಿಗಳನ್ನು ಒಂದೊಂದಾಗಿ ತಾಳೆ ನೋಡಬೇಕು. ಪ್ರಾಸಿಕ್ಯೂಟರ್ ಕಚೇರಿಯಲ್ಲಿ, ಸಂತ್ರಸ್ತರ ವಕೀಲರ ಕಚೇರಿಯಲ್ಲಿ, ಆರೋಪಿ ಪರ ವಕೀಲರ ತಂಡದಲ್ಲಿ ಕೂಡ ಇದೇ ಬಗೆಯ ದುಡಿಮೆ. ಅವಧಿ ಮೂರರಿಂದ ಆರು ತಿಂಗಳು. ಕಲಿಕೆ ದೊಡ್ಡದು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಕಲಿಯುವವನು ದುಡಿಯುತ್ತಲೂ ಇದ್ದಾನೆ.

ಸಂಬಳವಿಲ್ಲದೆ ದುಡಿಸುವ ಈ ಪದ್ಧತಿ ಬಂದದ್ದು ವಿಶ್ವಸಂಸ್ಥೆಯಿಂದ. ಯುಗೊಸ್ಲಾವಿಯಕ್ಕಾಗಿ 1993ರಲ್ಲಿ, ರುವಾಂಡಕ್ಕಾಗಿ 1994ರಲ್ಲಿ ಭದ್ರತಾ ಮಂಡಳಿ ಸ್ಥಾಪಿಸಿದ ನ್ಯಾಯಮಂಡಳಿಗಳು ವಿಶ್ವಸಂಸ್ಥೆಯ ಅಂಗಗಳಾಗಿದ್ದವು. ಇಂಟರ್ನ್‌ಗಳಿಗೆ ಸಂಬಳ ಕೊಡಬಾರದೆಂಬ ಅದರ ನಿಯಮ ಅವಕ್ಕೂ ಅನ್ವಯಿಸಿತ್ತು. ಅಪರಾಧ ನ್ಯಾಯಾಲಯಕ್ಕೆ ಅಂಥ ಕಟ್ಟುಪಾಡು ಇರಲಿಲ್ಲ. ಅದು ವಿಶ್ವಸಂಸ್ಥೆಯ ಅಂಗವಲ್ಲ, ಸದಸ್ಯ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡು ಕಟ್ಟಿದ ಸ್ವತಂತ್ರ ಸಂಸ್ಥೆ. ತನ್ನ ನಿಯಮಗಳನ್ನು ತಾನೇ ಬರೆದುಕೊಳ್ಳುವ ಅವಕಾಶವಿದ್ದಾಗಲೂ ಹಳೆಯ ಚಾಳಿಯನ್ನೇ ಹಿಡಿಯಿತು.

ಇಲ್ಲೊಂದು ಮರೆತ ಪ್ರಸಂಗವನ್ನು ನೆನಪಿಸಬೇಕು. ಯುಗೊಸ್ಲಾವಿಯ ನ್ಯಾಯಮಂಡಳಿಗೆ ಆರಂಭದಲ್ಲಿ ಹಣವಿರಲಿಲ್ಲ. 1994ರಲ್ಲಿ ಅಮೆರಿಕ ತನ್ನದೇ ಖರ್ಚಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವಕೀಲರನ್ನೂ ತನಿಖಾಧಿಕಾರಿಗಳನ್ನೂ ಕಳಿಸಿಕೊಟ್ಟಿತು. ಬೇರೆ ಶ್ರೀಮಂತ ದೇಶಗಳೂ ಹಿಂಬಾಲಿಸಿದವು. ಮೇಲುನೋಟಕ್ಕೆ ಅದು ಉಪಕಾರವೇ. ಅಭಿವೃದ್ಧಿಶೀಲ ರಾಷ್ಟ್ರಗಳು ಮಾತ್ರ ಒಪ್ಪಲಿಲ್ಲ. ಪುಕ್ಕಟೆ ಸಿಬ್ಬಂದಿಯನ್ನು ಕೊಡಬಲ್ಲವರು ಸಿರಿವಂತರೇ ತಾನೆ, ಹೀಗಾದರೆ ಸಂಸ್ಥೆ ಅವರ ಕೈಗೇ ಹೋಗುತ್ತದೆ ಎಂದು ಪಟ್ಟು ಹಿಡಿದವು. 1997ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ನಿರ್ಣಯ ಮಾಡಿ ಆ ಪದ್ಧತಿಯನ್ನು ಹಂತಹಂತವಾಗಿ ಕೈಬಿಡಿಸಿತು. ಅದರ ಛಾಯೆ ರೋಮ್ ಶಾಸನದ 44ನೇ ವಿಧಿಯಲ್ಲೂ ಇದೆ: ಸರ್ಕಾರಗಳಾಗಲಿ ಸ್ವಯಂಸೇವಾ ಸಂಸ್ಥೆಗಳಾಗಲಿ ಕೊಡುವ ಪುಕ್ಕಟೆ ಸಿಬ್ಬಂದಿಯನ್ನು ವಿಶೇಷ ಸಂದರ್ಭದಲ್ಲಿ ಮಾತ್ರ ಬಳಸಬಹುದು.

ಸರ್ಕಾರ ಕೊಟ್ಟರೆ ಅಪಾಯ ಎಂದು ಗುರುತಿಸಿದ ಅದೇ ಬಿಟ್ಟಿ ದುಡಿಮೆಯನ್ನು ಅಪ್ಪ ಅಮ್ಮ ಕೊಟ್ಟರೆ ಯಾರೂ ಪ್ರಶ್ನಿಸಲಿಲ್ಲ. ಪರಿಣಾಮ ಎರಡರಲ್ಲೂ ಒಂದೇ. ಹೇಗ್‌ನಲ್ಲಿ ಬಾಡಿಗೆ ಕೋಣೆ ಸಿಗುವುದೇ ಕಷ್ಟ. ಬಾಡಿಗೆ, ಊಟ, ಓಡಾಟ ಸೇರಿ ತಿಂಗಳಿಗೆ ಸಾವಿರ ಯೂರೊ ಇಲ್ಲದೆ ಹೊರಗಿನಿಂದ ಬಂದವರ ಬದುಕು ನಡೆಯದು. ಆರು ತಿಂಗಳಿಗೆ ನಮ್ಮ ರೂಪಾಯಿಯಲ್ಲಿ ಐದಾರು ಲಕ್ಷ, ವಿಮಾನದ ಟಿಕೆಟ್ ಬೇರೆ. ಅಮೆರಿಕದ ದೊಡ್ಡ ಲಾ ಸ್ಕೂಲ್‌ಗಳು ತಮ್ಮ ವಿದ್ಯಾರ್ಥಿಗಳಿಗೆ ಫೆಲೋಶಿಪ್ ಕೊಟ್ಟು ಕಳಿಸುತ್ತವೆ. ಕಂಪಾಲಾದ, ಕಿನ್ಶಾಸದ ಪದವೀಧರೆಗೆ ಕೊಡುವವರು ಯಾರು?

ಈ ಅಸಮತೆ ಬೇರೆಲ್ಲಿದ್ದರೂ ಅನ್ಯಾಯವೇ, ಇಲ್ಲಿ ಅದಕ್ಕೆ ಇನ್ನೊಂದು ಕಹಿ ಇದೆ. 2016ರಲ್ಲಿ ಜಾರ್ಜಿಯದ ತನಿಖೆ ಶುರುವಾಗುವವರೆಗೆ ನ್ಯಾಯಾಲಯ ಕೈಗೆತ್ತಿಕೊಂಡ ತನಿಖೆಗಳೆಲ್ಲ ಆಫ್ರಿಕದವೇ. ಆರೋಪಿ, ಸಂತ್ರಸ್ತ, ಸಾಕ್ಷಿ ಎಲ್ಲರೂ ಆ ಖಂಡದವರು. ಅವರ ಮಾತನ್ನು ಓದಿ ಸಾರ ತೆಗೆಯುವ ಎಳೆಯರಲ್ಲಿ ಆ ಖಂಡದವರಿಗೆ ದಾರಿ ಕಿರಿದು. ಆಫ್ರಿಕದ ಸರ್ಕಾರಗಳು ಈ ನ್ಯಾಯಾಲಯವನ್ನು ಪಾಶ್ಚಾತ್ಯರದ್ದೆಂದು ಜರೆದಾಗ, ಬುರುಂಡಿ 2017ರಲ್ಲಿ ಹೊರನಡೆದಾಗ, ಅದರ ಹಿಂದೆ ಅಧಿಕಾರಸ್ಥರ ಸ್ವರಕ್ಷಣೆಯೂ ಧಾರಾಳವಾಗಿತ್ತು, ನಿಜ. ಆದರೂ ಪಶ್ಚಿಮ ಯುರೋಪಿನವರ ಪಾಲು ಸಿಬ್ಬಂದಿಯಲ್ಲಿ ಮಿತಿಮೀರಿದೆ ಎಂಬ ದೂರು ಸುಳ್ಳಲ್ಲ. ಹದಿನೆಂಟು ನ್ಯಾಯಾಧೀಶರನ್ನು ಆರಿಸುವಾಗ ಭೌಗೋಳಿಕ ಸಮತೋಲ, ಸ್ತ್ರೀ ಪುರುಷ ಪ್ರಾತಿನಿಧ್ಯ ಎಲ್ಲವನ್ನೂ ತೂಗಿ ನೋಡಬೇಕೆಂದು ಶಾಸನ ಹೇಳುತ್ತದೆ. ಆದರೆ ಕೆಳದರ್ಜೆಯ ವೃತ್ತಿಪರ ಹುದ್ದೆಗೆ ಅರ್ಜಿ ಹಾಕುವವನಿಗೆ ಮೊದಲು ಅನುಭವ ಇರಬೇಕು. ಆ ಅನುಭವ ಸಿಗುವುದು ಇಂಟರ್ನ್‌ಶಿಪ್‌ನಲ್ಲಿ. ಆ ಸಮತೋಲವನ್ನು ತೂಗಬೇಕಾದ ಜಾಗ ಇದೇ.

ನ್ಯಾಯಾಲಯ ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. ಐರೋಪ್ಯ ಒಕ್ಕೂಟ ಮತ್ತಿತರ ದಾನಿಗಳ ನೆರವಿನಿಂದ ಕೆಲವರಿಗೆ ಸ್ಟೈಪೆಂಡ್ ಸಿಕ್ಕಿದೆ. ಅಭಿವೃದ್ಧಿಶೀಲ ಸದಸ್ಯ ರಾಷ್ಟ್ರಗಳವರಿಗಾಗಿ ಒಂದು ಟ್ರಸ್ಟ್ ಫಂಡ್ ಕೂಡ ಇದೆ. ದಾನ ಬಂದ ವರ್ಷ ಉಂಟು, ಬಾರದ ವರ್ಷ ಇಲ್ಲ. ಹಣದ ಅಡಚಣೆ ಎಂಬ ಸಬೂಬನ್ನು ಒಂದು ಸಣ್ಣ ಗುಣಾಕಾರದಿಂದ ಪರೀಕ್ಷಿಸಬಹುದು. ಒಂದೇ ಹೊತ್ತಿಗೆ ನೂರು ಇಂಟರ್ನ್‌ಗಳು ಇದ್ದಾರೆಂದೇ ಇಟ್ಟುಕೊಳ್ಳಿ. ತಿಂಗಳಿಗೆ ತಲಾ ಸಾವಿರ ಯೂರೊ ಕೊಟ್ಟರೆ ವರ್ಷಕ್ಕೆ 12 ಲಕ್ಷ ಯೂರೊ. ನ್ಯಾಯಾಲಯದ ವಾರ್ಷಿಕ ಬಜೆಟ್ 18 ಕೋಟಿ ಯೂರೊ ದಾಟಿದೆ. ನೂರರಲ್ಲಿ ಒಂದು ಪಾಲೂ ಆಗದ ಈ ಮೊತ್ತಕ್ಕೆ ಅಡ್ಡ ನಿಂತಿರುವುದು ಬಜೆಟ್ ಹಿಗ್ಗಬಾರದೆಂದು ವರ್ಷವರ್ಷವೂ ಬಿಗಿ ಹಿಡಿಯುವ ದೊಡ್ಡ ವಂತಿಗೆದಾರ ದೇಶಗಳು.

ಬೇರೆಯವರು ಅಷ್ಟರಲ್ಲಿ ಮುಂದೆ ಹೋಗಿದ್ದಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ ಇಂಟರ್ನ್‌ಗಳಿಗೆ ಬಹಳ ಹಿಂದಿನಿಂದಲೇ ಭತ್ಯೆ ಕೊಡುತ್ತಿದೆ, ಕೊಡದಿದ್ದರೆ ಅದರ ಹೆಸರಿಗೇ ನಗೆಪಾಟಲು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಶುರುಮಾಡಿತು. ಐರೋಪ್ಯ ಒಕ್ಕೂಟದ ರಾಯಭಾರ ಕಚೇರಿಗಳ ಬಿಟ್ಟಿ ತರಬೇತಿಯನ್ನು ಅದರ ಓಂಬುಡ್ಸ್‌ಮನ್ 2017ರಲ್ಲಿ ದುರಾಡಳಿತ ಎಂದೇ ಕರೆದರು. ಅದೇ ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಯುವ ಫೆಲೋಗಳನ್ನು ಅವರವರ ವಿಶ್ವವಿದ್ಯಾಲಯಗಳೇ ಖರ್ಚು ಕೊಟ್ಟು ಕಳಿಸಬೇಕಿತ್ತು. ಬಡ ದೇಶಗಳವರಿಗೆ ದಾರಿಯಾಗಲೆಂದು 2020ರ ಡಿಸೆಂಬರ್‌ನಲ್ಲಿ ಮಹಾಸಭೆ ಒಂದು ನಿಧಿ ಸ್ಥಾಪಿಸಲು ಹೇಳಿತು.

ನಾವು ದೂರ ನಿಂತು ಬೆರಳು ತೋರುವ ಸ್ಥಿತಿಯಲ್ಲಿಲ್ಲ. ನಮ್ಮ ಜಿಲ್ಲಾ ನ್ಯಾಯಾಲಯಗಳ ಸುತ್ತ ಸೀನಿಯರ್ ಆಫೀಸುಗಳಲ್ಲಿ ಬಸ್ ಚಾರ್ಜಿಗೂ ಸಾಲದ ದುಡ್ಡಿಗೆ ದುಡಿಯುವ ಜೂನಿಯರ್‌ಗಳು ಎಷ್ಟು ಜನ! ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕನಿಷ್ಠ ಸ್ಟೈಪೆಂಡ್ ಕೊಡಿ ಎಂದು ಶಿಫಾರಸು ಮಾಡಿತು. ಶಿಫಾರಸು ಅಷ್ಟೇ, ಕಡ್ಡಾಯವಲ್ಲ.

ಇನ್ನು ಅಪರಾಧ ನ್ಯಾಯಾಲಯದ ಸದಸ್ಯ ರಾಷ್ಟ್ರಗಳ ಸಭೆ ಪ್ರತಿ ವರ್ಷ ಸೇರಿ ಬಜೆಟ್ ಮಂಜೂರು ಮಾಡುತ್ತದೆ. ಇಂಟರ್ನ್‌ಗಳ ಭತ್ಯೆ ದಾನಿಗಳ ನಿಧಿಯಿಂದ ಹೊರಬಂದು ಆ ಬಜೆಟ್ಟಿನಲ್ಲೇ ಒಂದು ಸಾಲಾಗಬೇಕು. ಭಾರತ ಅಲ್ಲಿ ಮತ ಹಾಕುವಂತಿಲ್ಲ. 1998ರಲ್ಲಿ ರೋಮ್‌ನಲ್ಲಿ ಮತದಾನದಿಂದ ದೂರ ಉಳಿದ ಅದು ಇನ್ನೂ ಸದಸ್ಯನಾಗಿಲ್ಲ. ಬೆಂಗಳೂರು, ಹುಬ್ಬಳ್ಳಿಯ ಕಾನೂನು ವಿದ್ಯಾರ್ಥಿಗಳು ಅರ್ಜಿ ಹಾಕಬಹುದು, ಸದಸ್ಯ ರಾಷ್ಟ್ರದವರಿಗೆ ಮೊದಲ ಆದ್ಯತೆ ಎಂಬುದನ್ನು ತಿಳಿದೇ ಹಾಕಬೇಕು. ಆ ಟ್ರಸ್ಟ್ ಫಂಡಿನ ಸ್ಟೈಪೆಂಡ್ ಮಾತ್ರ ಅವರಿಗಲ್ಲ. ಹೋಗುವವರು ತಮ್ಮ ದುಡ್ಡು ಹೊಂದಿಸಿಕೊಂಡೇ ಹೋಗಬೇಕು.